ಉಪಗ್ರಹದ ಫಿಲ್ಟರ್ ಎಷ್ಟು ವಾಟ್ ತಾಳುತ್ತದೆ? ಮೊದಲು ಕಿರಿದಾದ ಸಂದು ನೋಡಿ

ಪ್ರಶ್ನೆ: ಸುರತ್ಕಲ್‌ನಲ್ಲಿ ಎಂ.ಟೆಕ್. ಓದುತ್ತಿದ್ದೇನೆ, ಮನೆ ಕಾಪು. ಉಪಗ್ರಹದ ಕೆಯು ಬ್ಯಾಂಡ್ (12 ಗಿಗಾಹರ್ಟ್ಸ್ ಆಸುಪಾಸಿನ) ಟ್ರಾನ್ಸ್‌ಮಿಟರ್‌ನ ನಂತರ ಕೂರುವ, ಒಂದು ಮಿತಿಗಿಂತ ಕೆಳಗಿನ ಕಂಪನಾಂಕಗಳನ್ನು ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್ ಒಂದನ್ನು ಪ್ರಾಜೆಕ್ಟ್‌ಗೆ ವಿನ್ಯಾಸ ಮಾಡಿದ್ದೇನೆ. ಡಬ್ಲ್ಯುಆರ್-75 ವೇವ್‌ಗೈಡ್ (ತರಂಗ ಸಾಗುವ ಆಯತಾಕಾರದ ಲೋಹದ ಕೊಳವೆ), 12 ಗಿಗಾಹರ್ಟ್ಸ್. ಒಳಗೆ ಬಾಚಣಿಗೆಯಂತೆ ಹಲ್ಲುಗಳಿವೆ, ಅತಿ ಕಿರಿದಾದ ಕಡೆ ಎದುರುಬದುರು ಹಲ್ಲುಗಳ ನಡುವೆ 1 ಮಿಲಿಮೀಟರ್ ಸಂದು. 200 ವಾಟ್ ಕೊಟ್ಟಾಗ ಸಾಫ್ಟ್‌ವೇರ್ ತೋರಿಸಿದ ಗರಿಷ್ಠ ವಿದ್ಯುತ್ ಕ್ಷೇತ್ರ ಮಿಲಿಮೀಟರಿಗೆ 310 ವೋಲ್ಟ್. ಮೆಶ್, ಅಂದರೆ ಲೆಕ್ಕಕ್ಕಾಗಿ ಸಾಫ್ಟ್‌ವೇರ್ ಮಾದರಿಯನ್ನು ಒಡೆಯುವ ತುಂಡುಗಳ ಗಾತ್ರ, ಅರ್ಧಕ್ಕೆ ಇಳಿಸಿದರೆ 390, ಮತ್ತೆ ಅರ್ಧ ಮಾಡಿದರೆ 490. ಗಾಳಿಯಲ್ಲಿ ಕಿಡಿ ಹಾರಲು ಮಿಲಿಮೀಟರಿಗೆ 3,000 ವೋಲ್ಟ್ ಬೇಕು. ಆ ಲೆಕ್ಕದಲ್ಲಿ ನನ್ನ ಫಿಲ್ಟರ್ ಮೊದಲು 18 ಕಿಲೋವಾಟ್ ತಾಳುತ್ತಿತ್ತು, ಈಗ 7ಕ್ಕೆ ಇಳಿದಿದೆ. ಯಾವುದನ್ನು ನಂಬಲಿ? ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲವಲ್ಲ, ಕಿಡಿ ಹಾರುವ ಭಯವಾದರೂ ಏಕೆ? 200 ವಾಟ್ ಬರುವುದು 40 ವಾಟ್‌ನ 5 ಕ್ಯಾರಿಯರ್‌ಗಳಾಗಿ (ಸಿಗ್ನಲ್ ಹೊರುವ ಬೇರೆ ಬೇರೆ ಕಂಪನಾಂಕದ ತರಂಗಗಳಾಗಿ), ಒಂದಕ್ಕೊಂದು 40 ಮೆಗಾಹರ್ಟ್ಸ್ ಅಂತರದಲ್ಲಿ. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಕಿಲೋವಾಟ್‌ಗಳ ಆ ಲೆಕ್ಕವನ್ನು ವರದಿಯಲ್ಲಿ ಬರೆಯಬೇಡಿ. ನಿಮ್ಮ ಮೂರು ಅಂಕಿಗಳಲ್ಲಿ ಯಾವುದನ್ನೂ ನಂಬಲೂ ಬೇಡಿ. ಹಾಗೆಂದು ಅವುಗಳನ್ನು ಬಿಸಾಡಬೇಡಿ, ಮಾದರಿಯಲ್ಲಿ ಎಲ್ಲಿ ಎಡವಿದ್ದೀರಿ ಎಂಬುದನ್ನು ಅವೇ ಹೇಳುತ್ತಿವೆ.

390ನ್ನು 310ರಿಂದ ಭಾಗಿಸಿ ನೋಡಿ, 1.26 ಬರುತ್ತದೆ. 490ನ್ನು 390ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ. ಈ 1.26 ಎಂಬುದು 2ರ ಘನಮೂಲ. ನಿಮ್ಮ ಹಲ್ಲಿನ ಅಂಚಿನಲ್ಲಿ 90 ಡಿಗ್ರಿ ಲೋಹ, ಉಳಿದ 270 ಡಿಗ್ರಿ ಖಾಲಿ ಜಾಗ. ಇಂಥ ಚೂಪು ಅಂಚಿಗೆ ಹತ್ತಿರ ಹೋದಂತೆ ಕ್ಷೇತ್ರ ಏರುತ್ತದೆ, ದೂರ ಅರ್ಧವಾದರೆ ಕ್ಷೇತ್ರ 1.26 ಪಟ್ಟು. ದೂರ ಸೊನ್ನೆಯಾದರೆ ಕ್ಷೇತ್ರ ಅನಂತ. ನೀವು ಮೆಶ್ ಸಣ್ಣದು ಮಾಡಿದಷ್ಟೂ ಸಾಫ್ಟ್‌ವೇರ್ ಆ ಅನಂತದ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತುತ್ತಿದೆ. ರಾತ್ರಿಯಿಡೀ ಕಂಪ್ಯೂಟರ್ ಓಡಿಸಿದರೂ ಈ ಸಂಖ್ಯೆ ಒಂದು ಕಡೆ ನಿಲ್ಲುವುದಿಲ್ಲ, ಏಕೆಂದರೆ ನಿಲ್ಲಬೇಕಾದ ಬೆಲೆಯೇ ಅಲ್ಲಿಲ್ಲ. ನಿಜವಾದ ಫಿಲ್ಟರ್‌ನಲ್ಲಿ ಕತ್ತರಿಸುವ ಉಪಕರಣ ಅಂಚನ್ನು ಸ್ವಲ್ಪವಾದರೂ ದುಂಡಾಗಿಸಿರುತ್ತದೆ, ಬೆಳ್ಳಿ ಲೇಪ ಇನ್ನಷ್ಟು ದುಂಡಾಗಿಸುತ್ತದೆ. ವರ್ಕ್‌ಶಾಪಿನವರು ಕೊಡಬಲ್ಲ ತ್ರಿಜ್ಯವನ್ನು, 0.2 ಮಿಮೀ ಎಂದಾದರೆ ಅದನ್ನೇ, ಮಾದರಿಯಲ್ಲಿ ಹಾಕಿ. ಆಗ ಗರಿಷ್ಠ ಕ್ಷೇತ್ರ ಒಂದು ಬೆಲೆಗೆ ಬಂದು ನಿಲ್ಲುತ್ತದೆ.

ಆದರೆ ನಿಮಗೆ ಬೇಕಾದ್ದು ಅಂಚಿನ ಕ್ಷೇತ್ರವೇ ಅಲ್ಲ. ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ, ಸಂದಿನ ನಡುವೆ, ಒಂದು ಗೆರೆ ಎಳೆದು ಅದರ ಉದ್ದಕ್ಕೂ ಕ್ಷೇತ್ರವನ್ನು ಕೂಡಿಸಿದಾಗ ಸಿಗುವ ವೋಲ್ಟೇಜ್ ಬೇಕು. ಅದು ಸಾಧುವಾದ ಸಂಖ್ಯೆ, ಒರಟು ಮೆಶ್‌ನಲ್ಲೂ ಸರಿಯಾಗಿಯೇ ಬರುತ್ತದೆ. ಸಾಫ್ಟ್‌ವೇರ್ ತೆರೆಯುವ ಮೊದಲು ಅದನ್ನು ಕೈಯಲ್ಲಿ ಲೆಕ್ಕ ಹಾಕಿ ಇಟ್ಟುಕೊಳ್ಳಿ ಎಂಬುದೇ ನಾನು ಮತ್ತೆ ಮತ್ತೆ ಹೇಳುವ ಮಾತು. ಹೇಗೆ ಎಂದು ತೋರಿಸುತ್ತೇನೆ.

ಡಬ್ಲ್ಯುಆರ್-75ರ ಒಳ ಅಗಲ 19.05 ಮಿಮೀ, ಎತ್ತರ 9.525 ಮಿಮೀ. ಬೆಳಕಿನ ವೇಗವನ್ನು ಅಗಲದ ಎರಡು ಪಟ್ಟಿನಿಂದ ಭಾಗಿಸಿದರೆ ಕಟ್-ಆಫ್, ಅಂದರೆ ಅದಕ್ಕಿಂತ ಕೆಳಗಿನ ತರಂಗ ಕೊಳವೆಯಲ್ಲಿ ಸಾಗದ ಕಂಪನಾಂಕ, 7.87 ಗಿಗಾಹರ್ಟ್ಸ್. 12 ಗಿಗಾಹರ್ಟ್ಸ್‌ನಲ್ಲಿ ಮೊದಲ ಮೋಡ್ (ಕೊಳವೆಯೊಳಗೆ ಕ್ಷೇತ್ರ ಹರಡಿಕೊಳ್ಳುವ ಅತಿ ಸರಳ ರೀತಿ), ಅಂದರೆ ಟಿಇ-10, ಹೊರುವ ಪವರ್‌ನ ಸೂತ್ರಕ್ಕೆ ಈ ಅಳತೆಗಳನ್ನು ಹಾಕಿದರೆ ಬಹಳ ಅನುಕೂಲದ ಉತ್ತರ ಬರುತ್ತದೆ: ವೋಲ್ಟೇಜ್‌ನ ವರ್ಗವನ್ನು 1,000ದಿಂದ ಭಾಗಿಸಿದರೆ ವಾಟ್. 1,000 ವಾಟ್‌ಗೆ ಕೊಳವೆಯ ನಡುವೆ 1,000 ವೋಲ್ಟ್ ಶಿಖರ, ನಿಮ್ಮ 200 ವಾಟ್‌ಗೆ 447 ವೋಲ್ಟ್, ಅಂದರೆ ಮಿಲಿಮೀಟರಿಗೆ 47. ಈಗ ಅದೇ ಕೊಳವೆಯ ಅಗಲ ಹಾಗೇ ಇಟ್ಟು ಎತ್ತರವನ್ನು 1 ಮಿಮೀಗೆ ಇಳಿಸಿ. ಅದೇ 200 ವಾಟ್‌ಗೆ ವೋಲ್ಟೇಜ್ 145ಕ್ಕೆ ಇಳಿಯುತ್ತದೆ, ಆದರೆ ಕ್ಷೇತ್ರ ಮಿಲಿಮೀಟರಿಗೆ 145 ವೋಲ್ಟ್‌ಗೆ ಏರುತ್ತದೆ. ನಿಮ್ಮ ಫಿಲ್ಟರ್ ಏಕರೂಪದ ಕೊಳವೆಯಲ್ಲ, ಒಳಗೆ ತರಂಗ ಹಿಂದೆಮುಂದೆ ಬಡಿದಾಡುತ್ತದೆ, ಹಾಗಾಗಿ ಬ್ಯಾಂಡ್‌ನ ನಡುವೆ ನೀವು ಕೂಡಿಸಿ ಪಡೆಯುವ ವೋಲ್ಟೇಜ್ 145ರಷ್ಟೇ ಇರಲಾರದು. ಸಾಫ್ಟ್‌ವೇರ್ 15 ಎಂದೋ 1,500 ಎಂದೋ ಹೇಳಿದರೆ ಮಾತ್ರ ಎಲ್ಲೋ ತಪ್ಪಿದೆ ಎಂದು ಕೂಡಲೇ ತಿಳಿಯುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಪೋರ್ಟ್‌ಗೆ (ಫಿಲ್ಟರ್‌ನ ಬಾಯಿಗೆ) 1 ವಾಟ್ ಸರಾಸರಿ ಕೊಡುತ್ತವೆ, ಕೆಲವು 0.5 ವಾಟ್. ಆ ಅಲಕ್ಷ್ಯದಲ್ಲೇ 3 ಡೆಸಿಬೆಲ್ (ಪವರ್‌ನಲ್ಲಿ ಎರಡು ಪಟ್ಟು) ತಪ್ಪಿಹೋದ ವರದಿಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ.

ನಮ್ಮ ಕಡೆಯ ಮೀನುಗಾರರನ್ನು ಕೇಳಿ. ನಡುಗಡಲಿಗಿಂತ ಅಳಿವೆ ಬಾಗಿಲಿನಲ್ಲೇ ಅವರು ಹೆಚ್ಚು ಜಾಗ್ರತೆ. ಹೊಳೆಯ ನೀರೆಲ್ಲ ಕಿರಿದಾದ ಬಾಯಿಯಲ್ಲಿ ನುಗ್ಗಿ ಎದುರಿನ ಅಲೆಗೆ ಬಡಿಯುವ ಜಾಗ ಅದು. ನಿಮ್ಮ ಫಿಲ್ಟರ್‌ಗೂ ಒಂದು ಅಳಿವೆ ಬಾಗಿಲಿದೆ. ಆ 1 ಮಿಮೀ ಸಂದನ್ನು ಬಿಟ್ಟು ಬೇರೆಲ್ಲಿಯ ಲೆಕ್ಕ ಹಾಕಿದರೂ ಈ ಪ್ರಶ್ನೆಗೆ ಉತ್ತರ ಸಿಗದು.

ಇನ್ನು ಗಾಳಿಯೇ ಇಲ್ಲದ ಕಡೆ ಭಯವೇಕೆ ಎಂಬ ಮಾತು. ಸಮುದ್ರಮಟ್ಟದ ಗಾಳಿಯಲ್ಲಿ ನಿಮ್ಮ ಪೂರ್ಣ ಎತ್ತರದ ವೇವ್‌ಗೈಡ್ ಆದರ್ಶ ಲೆಕ್ಕದಲ್ಲಿ 800 ಕಿಲೋವಾಟ್ ತಾಳುತ್ತದೆ. ಗಾಳಿ ದಟ್ಟವಾಗಿದ್ದಾಗ ಎಲೆಕ್ಟ್ರಾನ್ ಓಟ ಕಟ್ಟುವ ಮೊದಲೇ ಯಾವುದೋ ಅಣುವಿಗೆ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತದೆ. ಗಾಳಿ ಒಂದು ರೀತಿಯಲ್ಲಿ ನಿಮಗೆ ಕಾವಲು. ನಿರ್ವಾತದಲ್ಲಿ ಆ ಕಾವಲಿಲ್ಲ. ಎಲ್ಲಿಂದಲೋ ಬಂದ ಒಂದು ಎಲೆಕ್ಟ್ರಾನ್ ಮೇಲಿನ ಹಲ್ಲಿನಿಂದ ಹೊರಟು ಅಡ್ಡಿಯಿಲ್ಲದೆ ಕೆಳಗಿನ ಹಲ್ಲಿಗೆ ಅಪ್ಪಳಿಸುತ್ತದೆ. ಆ ಹೊಡೆತಕ್ಕೆ ಲೋಹದಿಂದ ಎರಡು ಎಲೆಕ್ಟ್ರಾನ್ ಹೊರಬಿದ್ದವು ಎನ್ನಿ. ಅಷ್ಟರಲ್ಲಿ ಕ್ಷೇತ್ರದ ದಿಕ್ಕು ತಿರುಗಿದ್ದರೆ ಆ ಎರಡೂ ಮೇಲಕ್ಕೆ ಓಡುತ್ತವೆ, ಅಲ್ಲಿ ನಾಲ್ಕಾಗುತ್ತವೆ. ಉಯ್ಯಾಲೆ ಹಿಂದಕ್ಕೆ ಬಂದ ಕ್ಷಣಕ್ಕೇ ತಳ್ಳಿದರೆ ಅದು ಏರುತ್ತಲೇ ಹೋಗುತ್ತದಲ್ಲ, ಅದೇ ತಾಳ. ಹೀಗೆ ಇಪ್ಪತ್ತು ಸಲ ಎರಡರಷ್ಟಾದರೆ ಒಂದು ಎಲೆಕ್ಟ್ರಾನ್ ಹತ್ತು ಲಕ್ಷ ದಾಟುತ್ತದೆ. ಇದಕ್ಕೆ ಮಲ್ಟಿಪ್ಯಾಕ್ಟರ್ ಎಂದು ಹೆಸರು. ಟೆಲಿವಿಷನ್‌ನ ಆದ್ಯರಲ್ಲಿ ಒಬ್ಬರಾದ ಫಿಲೋ ಫಾರ್ನ್ಸ್‌ವರ್ತ್ 1930ರ ದಶಕದಲ್ಲಿ ಇದನ್ನು ಬೇಕೆಂದೇ ಉಂಟುಮಾಡಿ ಸಿಗ್ನಲ್ ಹಿಗ್ಗಿಸಲು ಬಳಸಿಕೊಂಡರು. ಉಪಗ್ರಹದಲ್ಲಿ ಅದೇ ಶನಿಕಾಟ. ಮೊದಲು ಸದ್ದಿಲ್ಲದೆ ನಾಯ್ಸ್ ಏರುತ್ತದೆ. ಆಮೇಲೆ ಶಕ್ತಿ ಹಿಂದಕ್ಕೆ ಚಿಮ್ಮಿ ಪವರ್ ಹೆಚ್ಚಿಸುವ ಟ್ರಾವೆಲಿಂಗ್ ವೇವ್ ಟ್ಯೂಬ್‌ಗೆ ಪೆಟ್ಟು ಕೊಡುತ್ತದೆ. ಎಲೆಕ್ಟ್ರಾನ್ ಬಡಿದ ಗೋಡೆ ಬಿಸಿಯಾಗಿ ಅನಿಲ ಬಿಟ್ಟರೆ ಅಲ್ಲೇ ನಿಜವಾದ ಡಿಸ್ಚಾರ್ಜ್ ಹೊತ್ತಿಕೊಂಡು ಬೆಳ್ಳಿ ಲೇಪ ಸುಡುತ್ತದೆ. ಭೂಸ್ಥಿರ ಕಕ್ಷೆಯ 35,786 ಕಿಲೋಮೀಟರ್ ಎತ್ತರದಲ್ಲಿ ರಿಪೇರಿಗೆ ಹೋಗುವವರಿಲ್ಲ.

ಇದಕ್ಕೆ ಎಷ್ಟು ವೋಲ್ಟೇಜ್ ಬೇಕು? ಎರಡು ಸಮಾನಾಂತರ ತಗಡುಗಳ ನಡುವೆ ಕಂಪನಾಂಕ ಮತ್ತು ಸಂದಿನ ಗುಣಲಬ್ಧ 1 ಗಿಗಾಹರ್ಟ್ಸ್-ಮಿಲಿಮೀಟರ್ ಇದ್ದಾಗ, ಎಲೆಕ್ಟ್ರಾನ್ ಅರ್ಧ ಆವರ್ತದಲ್ಲಿ ಆಚೆ ಬದಿ ಮುಟ್ಟಲು ಬೇಕಾದ ಕನಿಷ್ಠ ವೋಲ್ಟೇಜ್ ಸುಮಾರು 60. ನ್ಯೂಟನ್‌ನ ನಿಯಮದಿಂದಲೇ ಬರುವ ಉತ್ತರ, ಒಂದು ಪುಟದ ಲೆಕ್ಕ, ನೀವೇ ಮಾಡಿ ನೋಡಿ. ಗುಣಲಬ್ಧ ದೊಡ್ಡದಾದರೆ ಎಲೆಕ್ಟ್ರಾನ್ ಹಲವು ಅರ್ಧ ಆವರ್ತ ತೆಗೆದುಕೊಂಡು ದಾಟುತ್ತದೆ, ಆಗ ಹೊಸ್ತಿಲು, ಅಂದರೆ ಮಲ್ಟಿಪ್ಯಾಕ್ಟರ್ ಶುರುವಾಗುವ ವೋಲ್ಟೇಜ್, ಹೆಚ್ಚುಕಡಿಮೆ ಗುಣಲಬ್ಧಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ: ಗುಣಲಬ್ಧ ಗುಣಿಸು 60 ವೋಲ್ಟ್. ನೇರವಾಗಿಯೇ ಏಕೆ ಏರಬೇಕು ಎಂದು ನನ್ನನ್ನು ಬಹಳ ಕಾಲ ಕಾಡಿತ್ತು. ಎಲೆಕ್ಟ್ರಾನ್ ಗೋಡೆಗೆ ಬಡಿಯುವ ವೇಗ ವೋಲ್ಟೇಜನ್ನು ಈ ಗುಣಲಬ್ಧದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. 60 ಎಂಬ ಬೆಲೆಗೆ ಆ ಹೊಡೆತದ ಶಕ್ತಿ ಹೆಚ್ಚೆಂದರೆ 30 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು. ಲೋಹದ ಮೇಲ್ಮೈಯಿಂದ ಒಂದಕ್ಕೆ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಹೊರಬೀಳಲು ಶುರುವಾಗುವುದೂ ಕೆಲವು ಹತ್ತು ಎಲೆಕ್ಟ್ರಾನ್ ವೋಲ್ಟ್‌ಗಳಲ್ಲೇ. ಅಂದರೆ ಈ ನಿಯಮದ ಹೊಟ್ಟೆಯೊಳಗೆ ಲೋಹದ ಮೇಲ್ಮೈಯ ಗುಣ ಅಡಗಿದೆ. ಮೇಲ್ಮೈ ಕೆಟ್ಟರೆ ಆ 60 ಕೆಳಗಿಳಿಯುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಫಿಲ್ಟರ್. 12 ಗಿಗಾಹರ್ಟ್ಸ್, 1 ಮಿಮೀ, ಗುಣಲಬ್ಧ 12. ಹೊಸ್ತಿಲು ಸುಮಾರು 720 ವೋಲ್ಟ್. ನಿಮ್ಮಲ್ಲಿರುವುದು 145. ಐದು ಪಟ್ಟು ಅಂತರ, ಪವರ್‌ನಲ್ಲಿ 25 ಪಟ್ಟು, 14 ಡೆಸಿಬೆಲ್. ಪೂರ್ಣ ಎತ್ತರದ ಕೊಳವೆಯಲ್ಲಿ ಇದೇ ಅಂತರ ಸುಮಾರು 24 ಡೆಸಿಬೆಲ್ ಇತ್ತು. ಸಂದು ಹತ್ತರಲ್ಲೊಂದು ಪಾಲಾದಾಗ 10 ಡೆಸಿಬೆಲ್ ಕರಗಿತು.

14 ಡೆಸಿಬೆಲ್ ಸಾಕಷ್ಟು ಎನಿಸುತ್ತದೆ. ಆದರೆ ನೀವು ನೋಡಿರುವುದು 12 ಗಿಗಾಹರ್ಟ್ಸ್ ಒಂದನ್ನೇ. ಬ್ಯಾಂಡ್‌ನ ಅಂಚಿಗೆ ಬನ್ನಿ. ಅಲ್ಲಿ ತರಂಗ ಫಿಲ್ಟರ್‌ನೊಳಗೆ ಹೆಚ್ಚು ಹೊತ್ತು ಸುಳಿದಾಡುತ್ತದೆ. ನಷ್ಟವಿಲ್ಲದ, ಪ್ರತಿಫಲನವಿಲ್ಲದ ಫಿಲ್ಟರ್‌ನಲ್ಲಿ ಒಳಗೆ ಸಂಗ್ರಹವಾದ ಶಕ್ತಿ ಎಂದರೆ ಹರಿಯುವ ಪವರ್ ಗುಣಿಸು ಗ್ರೂಪ್ ಡಿಲೇ (ಸಿಗ್ನಲ್ ಫಿಲ್ಟರನ್ನು ದಾಟಲು ಹಿಡಿಯುವ ಸಮಯ), ಅಷ್ಟೇ. 200 ವಾಟ್, 10 ನ್ಯಾನೋಸೆಕೆಂಡ್ ಎಂದರೆ 2 ಮೈಕ್ರೋಜೌಲ್ ಆ ಹಲ್ಲುಗಳ ನಡುವೆ ಕೂತಿರುತ್ತದೆ. ಎಲ್ಲಿ ಡಿಲೇ ಏರುತ್ತದೋ ಅಲ್ಲಿ ಒಳಗಿನ ವೋಲ್ಟೇಜ್ ಏರುತ್ತದೆ. ಅಂಚಿನಲ್ಲಿ ವೋಲ್ಟೇಜ್ ಎರಡು ಪಟ್ಟಾಯಿತು ಎಂದಿಟ್ಟುಕೊಳ್ಳಿ, ಇದು ಅತಿಯಾದ ಊಹೆಯೇನಲ್ಲ. 6 ಡೆಸಿಬೆಲ್ ಹೋಯಿತು. ಉಳಿದದ್ದು 8.

ಈಗ ನಿಮ್ಮ 5 ಕ್ಯಾರಿಯರ್. ಸರಾಸರಿ 200 ವಾಟ್ ನಿಜ, ಆದರೆ ಐದರ ಶಿಖರಗಳೂ ಒಂದೇ ಕ್ಷಣಕ್ಕೆ ಸೇರಿದಾಗ ವೋಲ್ಟೇಜ್ ಐದು ಪಟ್ಟು, ಪವರ್ ಇಪ್ಪತ್ತೈದು ಪಟ್ಟು. 40 ಗುಣಿಸು 25, ಅಂದರೆ 1,000 ವಾಟ್. ಸರಾಸರಿಗಿಂತ 7 ಡೆಸಿಬೆಲ್ ಮೇಲೆ. ಉಳಿದದ್ದು 1 ಡೆಸಿಬೆಲ್.

ನೀವು 7 ಕಿಲೋವಾಟ್ ಬರೆಯಲು ಹೊರಟಿದ್ದ ಫಿಲ್ಟರ್ ನಿಮ್ಮದೇ 200 ವಾಟ್‌ಗೆ ಬರೀ 1 ಡೆಸಿಬೆಲ್ ಅಂತರದಲ್ಲಿ ನಿಂತಿದೆ.

ಗಾಬರಿಯಾಗಬೇಡಿ, ಇಲ್ಲಿ ಒಂದು ರಿಯಾಯಿತಿ ಇದೆ. 40 ಮೆಗಾಹರ್ಟ್ಸ್ ಅಂತರದ ಕ್ಯಾರಿಯರ್‌ಗಳು ಜೊತೆಗೂಡುವುದು 25 ನ್ಯಾನೋಸೆಕೆಂಡಿಗೆ ಒಮ್ಮೆ, ಶಿಖರದ ಅಗಲ ಸುಮಾರು 5 ನ್ಯಾನೋಸೆಕೆಂಡ್. ಎಲೆಕ್ಟ್ರಾನ್ ಹಿಂಡು ಬೆಳೆಯಲು ಅಷ್ಟು ಹೊತ್ತು ಸಾಕೇ? ಹೊಸ್ತಿಲಿನ ವೋಲ್ಟೇಜ್‌ನಲ್ಲಿ ನಿಮ್ಮ ಸಂದನ್ನು ದಾಟಲು ಎಲೆಕ್ಟ್ರಾನ್‌ಗೆ 13ರಿಂದ 15 ಅರ್ಧ ಆವರ್ತ ಬೇಕು, ಅಂದರೆ 0.6 ನ್ಯಾನೋಸೆಕೆಂಡ್ ಆಸುಪಾಸು. ಯೂರೋಪಿನ ಬಾಹ್ಯಾಕಾಶ ಎಂಜಿನಿಯರ್‌ಗಳು ಬಹುಕಾಲ ಬಳಸಿದ ಒಂದು ನಿಯಮದ ಪ್ರಕಾರ ಶಿಖರ 20 ದಾಟುವಿಕೆಗಳಷ್ಟು ಹೊತ್ತು ನಿಲ್ಲದಿದ್ದರೆ ಚಿಂತೆ ಕಡಿಮೆ. 20 ದಾಟುವಿಕೆ ಎಂದರೆ ನಿಮಗೆ 12 ನ್ಯಾನೋಸೆಕೆಂಡ್, ಶಿಖರ ಅದರ ಅರ್ಧವೂ ಇಲ್ಲ. ಹಾಗಾಗಿ ಪೂರ್ತಿ 7 ಡೆಸಿಬೆಲ್ ಕಳೆಯಬೇಕಿಲ್ಲ, 12 ನ್ಯಾನೋಸೆಕೆಂಡ್ ನಿಲ್ಲುವ ಮಟ್ಟವನ್ನು ಹುಡುಕಿ ಅದನ್ನು ಕಳೆದರೆ ಸಾಕು. ಆದರೆ ನಾನು ಈ ನಿಯಮದ ಮೇಲೆ ಪೂರ್ತಿ ಭಾರ ಹಾಕುವವನಲ್ಲ. ಒಂದು ಶಿಖರದಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಮುಂದಿನ ಶಿಖರದವರೆಗೆ ಬದುಕುಳಿದರೆ ಹಿಂಡು ಕಂತುಕಂತಾಗಿ ಬೆಳೆಯುತ್ತದೆ. ಕಣಗಳ ಜಾಡು ಹಿಡಿಯುವ ಸಾಫ್ಟ್‌ವೇರ್‌ಗಳು, ಸ್ಪಾರ್ಕ್‌3ಡಿಯಂಥವು, ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ. ಕನಿಷ್ಠ ನಾಲ್ಕೈದು ಎನ್ವಲಪ್ ಆವರ್ತಗಳವರೆಗೆ (ಶಿಖರದಿಂದ ಶಿಖರಕ್ಕೆ, ನಿಮಗೆ ಒಂದೊಂದೂ 25 ನ್ಯಾನೋಸೆಕೆಂಡ್) ಓಡಿಸಿ, ಎಲೆಕ್ಟ್ರಾನ್ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ಇನ್ನೊಂದು ಸಮಾಧಾನವೂ ಇದೆ. ನಿಮ್ಮ ಹಲ್ಲು ದಪ್ಪದಲ್ಲಿ ಕಡಿಮೆಯಿದ್ದು ಸಂದು ಅದಕ್ಕೆ ಹೋಲಿಸಿದರೆ ದೊಡ್ಡದಿದ್ದರೆ ಎಲೆಕ್ಟ್ರಾನ್‌ಗಳು ಪಕ್ಕಕ್ಕೆ ಜಾರಿ ತಾಳ ತಪ್ಪುತ್ತವೆ, ಹೊಸ್ತಿಲು ಏರುತ್ತದೆ. ಸಮಾನಾಂತರ ತಗಡಿನ ಲೆಕ್ಕ ಸುರಕ್ಷಿತ ಬದಿಯಲ್ಲೇ ಇರುತ್ತದೆ. ಆದರೂ ಬರಿಯ ಲೆಕ್ಕದ ಬಲದ ಮೇಲೆ 6 ಡೆಸಿಬೆಲ್‌ಗಿಂತ ಕಡಿಮೆ ಅಂತರಕ್ಕೆ ನಾನು ಎಂದೂ ಸಹಿ ಹಾಕಿದವನಲ್ಲ. ಸಂದನ್ನು 1.5 ಮಿಮೀಗೆ ಹಿಗ್ಗಿಸಿ, ಬೇಕಾದರೆ ಹಲ್ಲುಗಳ ಸಂಖ್ಯೆ ಹೆಚ್ಚಿಸಿ. ಫಿಲ್ಟರ್ ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಇಷ್ಟು ಜಿಗುಟಾಗಿ ಏಕೆ ಹೇಳುತ್ತೇನೆಂದರೆ ಒಂದು ಅನುಭವವಿದೆ. ಹಲವು ವರ್ಷಗಳ ಹಿಂದೆ ಒಂದು ಕ್ಯಾವಿಟಿ ಫಿಲ್ಟರ್‌ನ (ಲೋಹದ ಪೊಳ್ಳು ಗೂಡುಗಳಿಂದಾದ ಫಿಲ್ಟರ್‌ನ) ಪರೀಕ್ಷೆಗೆ ಕೂತಿದ್ದೆ. ನಿರ್ವಾತ ಪಾತ್ರೆಯಲ್ಲಿಟ್ಟು, ಒಳಗಿನ ತೇವ, ಅನಿಲ ಬಿಡಿಸಿ, ಪಕ್ಕದಲ್ಲಿ ಎಲೆಕ್ಟ್ರಾನ್ ಒದಗಿಸಲು ಸ್ಟ್ರಾಂಷಿಯಂ-90ರ ಸಣ್ಣ ಮೂಲವಿಟ್ಟು, ಪವರನ್ನು ಹಂತಹಂತವಾಗಿ ಏರಿಸುತ್ತಿದ್ದೆವು. ಲೆಕ್ಕದ ಪ್ರಕಾರ 400 ವಾಟ್‌ವರೆಗೆ ಏನೂ ಆಗಬಾರದು. ಹೋಗುವ ತರಂಗವನ್ನೂ ಮರಳುವ ತರಂಗವನ್ನೂ ಒಂದಕ್ಕೊಂದು ರದ್ದು ಮಾಡಿ ಪರದೆಯ ಮೇಲೆ ಒಂದು ಆಳವಾದ ಹಳ್ಳ ಹಿಡಿದಿಟ್ಟುಕೊಂಡಿರುತ್ತೇವೆ. ಒಳಗೆ ಏನಾದರೂ ಬದಲಾದರೆ ಮೊದಲು ಕೆಡುವುದು ಆ ಹಳ್ಳ. 230 ವಾಟ್‌ನಲ್ಲಿ ಹಳ್ಳ ಒಮ್ಮೆ ನಡುಗಿತು, ಮತ್ತೆ ಸುಮ್ಮನಾಯಿತು. ಐದು ನಿಮಿಷದ ನಂತರ ಎದ್ದು ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಒಂದು ಟ್ಯೂನಿಂಗ್ ಸ್ಕ್ರೂವಿನ ತುದಿಯಲ್ಲಿ, ಅದರ ಎದುರಿನ ಗೋಡೆಯಲ್ಲಿ, ಸಾಸಿವೆ ಕಾಳಿನಷ್ಟು ಮಂಕು ಕಲೆ. ಮಾದರಿಯಲ್ಲಿ ಆ ಸ್ಕ್ರೂವಿಗೂ ಗೋಡೆಗೂ ನಡುವೆ 3.5 ಮಿಮೀ ಇತ್ತು. ಫಿಲ್ಟರ್‌ನ ಕಂಪನಾಂಕ ಸ್ವಲ್ಪ ಮೇಲೆ ಕೂತಿದ್ದರಿಂದ ಅದನ್ನು ಕೆಳಗೆ ತರಲು ಟ್ಯೂನ್ ಮಾಡುವಾಗ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದ್ದರು, ಉಳಿದದ್ದು 1.6 ಮಿಮೀ. ಅವರು ಮಾಡಿದ್ದು ಸರಿಯೇ. ನಮ್ಮ ಲೆಕ್ಕ ಮಾತ್ರ ಬೇರೆ ಯಾವುದೋ ಫಿಲ್ಟರ್‌ನದ್ದಾಗಿತ್ತು. ಆ ಸಂಜೆಯಿಂದ ನಾನು ಟ್ಯೂನಿಂಗ್ ಮುಗಿದ ಮೇಲೆ ಪ್ರತಿ ಸ್ಕ್ರೂವಿನ ಆಳ ಅಳೆದು, ಆ ಅಳತೆಗಳನ್ನೇ ಮಾದರಿಗೆ ಹಾಕಿ, ವೋಲ್ಟೇಜ್ ಲೆಕ್ಕವನ್ನು ಮತ್ತೊಮ್ಮೆ ಮಾಡದೆ ಪರೀಕ್ಷೆಗೆ ಕಳುಹಿಸುತ್ತಿರಲಿಲ್ಲ.

ಮೇಲ್ಮೈಯ ವಿಷಯಕ್ಕೆ ಬರುತ್ತೇನೆ. ಜುಲೈ ತಿಂಗಳಲ್ಲಿ ನಿಮ್ಮ ಮನೆಯ ದೇವರ ಕೋಣೆಯ ಬೆಳ್ಳಿ ಆರತಿ ತಟ್ಟೆಯನ್ನು ನೋಡಿ, ವಾರ ಕಳೆಯುವಷ್ಟರಲ್ಲಿ ಕಪ್ಪಿಡುತ್ತದೆ. ಗಾಳಿಯ ಗಂಧಕಾಂಶ ಬೆಳ್ಳಿಯ ಜೊತೆ ಸೇರಿದ್ದು ಅದು, ತೇವ ಅದಕ್ಕೆ ನೆರವಾಗುತ್ತದೆ. ವೇವ್‌ಗೈಡ್‌ನ ಒಳಮೈಯ ಬೆಳ್ಳಿಗೂ ಅದೇ ಗತಿ. 12 ಗಿಗಾಹರ್ಟ್ಸ್‌ನಲ್ಲಿ ವಿದ್ಯುತ್ ಹರಿಯುವುದು ಬೆಳ್ಳಿಯ ಮೇಲಿನ ಅರ್ಧ ಮೈಕ್ರೋಮೀಟರ್‌ಗಿಂತ ತುಸು ಹೆಚ್ಚು ಆಳದಲ್ಲಿ. ಎಲೆಕ್ಟ್ರಾನ್ ಹೊರಬೀಳುವುದು ಇನ್ನೂ ಮೇಲಿನ, ಕೆಲವೇ ನ್ಯಾನೋಮೀಟರ್ ಪದರದಿಂದ. ಒಂದು ಬೆರಳಚ್ಚು ಸಾಕು ಆ ಪದರದ ಗುಣ ಬದಲಿಸಲು. ಸಾಫ್ಟ್‌ವೇರ್‌ನ ಲೈಬ್ರರಿಯಲ್ಲಿ ಬೆಳ್ಳಿ ಎಂದು ಆರಿಸಿದಾಗ ನೀವು ಆರಿಸುವುದು ಯಾವುದೋ ಪ್ರಯೋಗಾಲಯದಲ್ಲಿ ಅಳೆದ ಒಂದು ಬೆಳ್ಳಿಯ ವಕ್ರರೇಖೆಯನ್ನು, ನಿಮ್ಮ ಬೆಳ್ಳಿಯದ್ದನ್ನಲ್ಲ. ಅಲ್ಯೂಮಿನಿಯಂ ಅದರ ಆಕ್ಸೈಡ್‌ನಿಂದಾಗಿ ಇನ್ನೂ ಕೆಟ್ಟದ್ದು. ಆದ್ದರಿಂದ ಒಂದೇ ವಕ್ರರೇಖೆಯಿಂದ ಒಂದೇ ಉತ್ತರ ಬರೆಯಬೇಡಿ. ಒಳ್ಳೆಯ ಮೇಲ್ಮೈ, ಕೆಟ್ಟ ಮೇಲ್ಮೈ ಎರಡಕ್ಕೂ ಓಡಿಸಿ, ಎರಡನ್ನೂ ವರದಿಯಲ್ಲಿ ಕೊಡಿ.

ಗಾಳಿಯ ಭಯ ನಿಮಗೆ ಪೂರ್ತಿ ಇಲ್ಲವೆಂದೂ ಅಲ್ಲ. ತುಂಬ ಗಾಳಿಯೂ ಅಲ್ಲ, ನಿರ್ವಾತವೂ ಅಲ್ಲ ಎಂಬ ನಡುವಿನ ಸ್ಥಿತಿ ಎಲ್ಲಕ್ಕಿಂತ ಅಪಾಯಕಾರಿ. ಎಲೆಕ್ಟ್ರಾನ್ ಅಣುಗಳಿಗೆ ಡಿಕ್ಕಿ ಹೊಡೆಯುವ ಗತಿ ತರಂಗದ ಗತಿಗೆ ಸರಿಸಮವಾದಾಗ ಕ್ಷೇತ್ರದಿಂದ ಅದು ಅತಿ ಹೆಚ್ಚು ಶಕ್ತಿ ಹೀರುತ್ತದೆ. 12 ಗಿಗಾಹರ್ಟ್ಸ್‌ಗೆ ಈ ಒತ್ತಡ ಸುಮಾರು 19 ಮಿಲಿಬಾರ್, ರಾಕೆಟ್ 26-27 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವ ಒತ್ತಡ. ಉಪಗ್ರಹ ತನ್ನ ಸ್ಥಿತಿಗತಿ ತಿಳಿಸುವ ಟೆಲಿಮೆಟ್ರಿಯ ಎಸ್ ಬ್ಯಾಂಡ್‌ಗೆ (2 ಗಿಗಾಹರ್ಟ್ಸ್ ಆಸುಪಾಸು) 3-4 ಮಿಲಿಬಾರ್, ಇನ್ನೂ ಮೇಲೆ. ಏರುವಾಗ ಸಂವಹನ ಟ್ರಾನ್ಸ್‌ಮಿಟರ್‌ಗಳು ಆಫ್ ಇರುತ್ತವೆ, ಟೆಲಿಮೆಟ್ರಿ ಆನ್ ಇರುತ್ತದೆ, ಆದ್ದರಿಂದ ಅದರ ಫಿಲ್ಟರ್‌ಗೆ ಈ ಲೆಕ್ಕ ಕಡ್ಡಾಯ. ನಿಮ್ಮದಕ್ಕೆ ಮುಖ್ಯ ಪ್ರಶ್ನೆ ಬೇರೆ: ಒಳಗಿನ ಗಾಳಿ ಹೊರಹೋಗಲು ದಾರಿ ಇದೆಯೇ? ಗೋಡೆಯಲ್ಲಿ ಸಣ್ಣ ರಂಧ್ರಗಳಿರಬೇಕು, 12 ಗಿಗಾಹರ್ಟ್ಸ್ ಅದರಿಂದ ಸೋರದಷ್ಟು ಸಣ್ಣ, ಗಾಳಿ ಖಾಲಿಯಾಗುವಷ್ಟು ದೊಡ್ಡ. ನಿಮ್ಮ ಚಿತ್ರದಲ್ಲಿ ರಂಧ್ರ ಹಾಕಿ, ಅದನ್ನೂ ಸೇರಿಸಿ ಸಿಮ್ಯುಲೇಟ್ ಮಾಡಿ.

ಬಿಸಿಯ ಲೆಕ್ಕ ಸುಲಭ, ಆದರೆ ಅದು ಮತ್ತೆ ವೋಲ್ಟೇಜ್‌ಗೇ ಬಂದು ಸೇರುತ್ತದೆ. ಅಲ್ಯೂಮಿನಿಯಂ ಡಬ್ಲ್ಯುಆರ್-75 ಮೀಟರಿಗೆ 0.17 ಡೆಸಿಬೆಲ್ ತಿನ್ನುತ್ತದೆ, 200 ವಾಟ್‌ನಲ್ಲಿ ಏಳೂವರೆ ವಾಟ್ ಶಾಖ. 0.5 ಡೆಸಿಬೆಲ್ ನಷ್ಟದ ಕಿರು ಬ್ಯಾಂಡ್ ಫಿಲ್ಟರ್ ಆದರೆ 22 ವಾಟ್. ಬೀಸುವ ಗಾಳಿ ಇಲ್ಲ, ಶಾಖ ಲೋಹದ ಮೂಲಕವೇ ಹರಿದು ಹೋಗಬೇಕು. 50 ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ಫಿಲ್ಟರ್ 12 ಗಿಗಾಹರ್ಟ್ಸ್‌ನಲ್ಲಿ 14 ಮೆಗಾಹರ್ಟ್ಸ್ ಸರಿಯುತ್ತದೆ, ಬಿಸಿಗೆ ಹೆಚ್ಚು ಹಿಗ್ಗದ ಇನ್ವಾರ್ ಮಿಶ್ರಲೋಹದ ಫಿಲ್ಟರ್ 1 ಮೆಗಾಹರ್ಟ್ಸ್ ಕೂಡ ಸರಿಯುವುದಿಲ್ಲ. 36 ಮೆಗಾಹರ್ಟ್ಸ್ ಚಾನಲ್ 14 ಸರಿದರೆ ನಡುವೆ ಇದ್ದ ಕ್ಯಾರಿಯರ್ ಅಂಚಿಗೆ ಬಂದು ನಿಲ್ಲುತ್ತದೆ, ಅಂಚಿನಲ್ಲಿ ವೋಲ್ಟೇಜ್ ಏನಾಗುತ್ತದೆ ಎಂದು ಈಗಾಗಲೇ ನೋಡಿದಿರಿ. ನಿಮ್ಮ ಲೋ-ಪಾಸ್ ಫಿಲ್ಟರ್ ಅಗಲ ಬ್ಯಾಂಡಿನದು, ಇದು ಅಷ್ಟು ಕಾಡದು.

ಫ್ಲ್ಯಾಂಜ್‌ಗಳ (ವೇವ್‌ಗೈಡ್ ತುಂಡುಗಳನ್ನು ಕೂಡಿಸುವ ಅಂಚುಪಟ್ಟಿಗಳ) ಜೋಡಣೆಯ ಬಗ್ಗೆ ಒಂದೇ ಮಾತು. ಸಡಿಲ ಅಥವಾ ಆಕ್ಸೈಡ್ ಹಿಡಿದ ಕೂಡಿಕೆಯಲ್ಲಿ 11.0 ಮತ್ತು 12.5 ಗಿಗಾಹರ್ಟ್ಸ್ ಕ್ಯಾರಿಯರ್‌ಗಳು ಬೆರೆತು 14.0ರಲ್ಲಿ ಹೊಸ ಸಿಗ್ನಲ್ ಹುಟ್ಟುತ್ತದೆ, ಅದು ನೇರ ಉಪಗ್ರಹದ ರಿಸೀವರ್ ಬ್ಯಾಂಡ್. ಇದನ್ನು ಸಿಮ್ಯುಲೇಷನ್ ನಂಬಲರ್ಹವಾಗಿ ಹೇಳಲಾರದು, ಅಳೆದೇ ತಿಳಿಯಬೇಕು.

ಇಷ್ಟು ಪವರ್ ಏಕೆ ಬೇಕು ಎಂದು ನಿಮ್ಮ ಊರಿನಲ್ಲೇ ಕಾಣಬಹುದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿ ನಮ್ಮದು. ಜಡಿಮಳೆಯಲ್ಲಿ ಮನೆಯ ಡಿಶ್‌ಗೆ ಸಿಗ್ನಲ್ ಕಡಿದುಹೋಗುತ್ತದಲ್ಲ, 12 ಗಿಗಾಹರ್ಟ್ಸ್ ತರಂಗವನ್ನು ಮಳೆಹನಿಗಳು ಹೀರುವುದರಿಂದ. ಅದನ್ನು ಮೀರಿ ತಲುಪಬೇಕಾದರೆ ಮೇಲಿನಿಂದ ಜೋರಾಗಿ ಕಳಿಸಬೇಕು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆಗೆ ಏರಿದಾಗ ಅದರ ತೂಕ ಸುಮಾರು 360 ಕಿಲೋ. 2018ರ ಜಿಸ್ಯಾಟ್-11 ತೂಗಿದ್ದು 5,854 ಕಿಲೋ, ಕೆಯು ಮತ್ತು ಕೆಎ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುವಂಥದ್ದು. ಕಂಪನಾಂಕ ಏರಿದಂತೆ ಕೊಳವೆಗಳು, ಸಂದುಗಳು ಕಿರಿದಾಗುತ್ತವೆ, ಪವರ್ ಮಾತ್ರ ಇಳಿಯುತ್ತಿಲ್ಲ. ನೀವು ಹಿಡಿದಿರುವ ಸಮಸ್ಯೆ ಹಳತಾಗುವಂಥದ್ದಲ್ಲ, ಇದನ್ನು ಚೆನ್ನಾಗಿ ಕಲಿತವರು ನಮಗೆ ಬೇಕು.

ಸಾಫ್ಟ್‌ವೇರ್ ಬಗ್ಗೆ. ನಿಮ್ಮ ಫಿಲ್ಟರ್ ಬರೀ ಎತ್ತರ ಬದಲಾಗುವ ಮೆಟ್ಟಿಲುಗಳ ಸಾಲು, ಇದಕ್ಕೆ ಪ್ರತಿ ಮೆಟ್ಟಿಲಿನ ಎರಡು ಬದಿಯ ಮೋಡ್‌ಗಳನ್ನು ಹೊಂದಿಸಿ ಲೆಕ್ಕ ಹಾಕುವ ಮೋಡ್ ಮ್ಯಾಚಿಂಗ್‌ನಷ್ಟು ಹೇಳಿ ಮಾಡಿಸಿದ ವಿಧಾನ ಬೇರಿಲ್ಲ. ಮೆಶ್ ಬಳಸುವ ಫೈನೈಟ್ ಎಲಿಮೆಂಟ್ ವಿಧಾನ ಗಂಟೆ ತೆಗೆದುಕೊಳ್ಳುವ ಕಡೆ ಅದು ಸೆಕೆಂಡುಗಳಲ್ಲಿ ಮುಗಿಸುತ್ತದೆ, ನೀವೇ ಒಂದು ಪ್ರೋಗ್ರಾಂ ಬರೆಯಬಹುದು. ಒಂದು ಎಚ್ಚರಿಕೆ: ಮೆಟ್ಟಿಲಿನ ಎರಡು ಬದಿಯ ಎತ್ತರಗಳ ಅನುಪಾತ ಎಷ್ಟೋ ಮೋಡ್‌ಗಳ ಸಂಖ್ಯೆಯೂ ಸುಮಾರಾಗಿ ಅದೇ ಅನುಪಾತದಲ್ಲಿರಲಿ. ಇಲ್ಲವಾದರೆ ಉತ್ತರ ಸ್ಥಿರವಾದಂತೆ ಕಾಣುತ್ತದೆ, ಆದರೆ ತಪ್ಪು ಬೆಲೆಗೆ ಸ್ಥಿರವಾಗಿರುತ್ತದೆ. ಹೀಗೆ ಪಡೆದ ವೋಲ್ಟೇಜ್‌ಗಳನ್ನು ಫೈನೈಟ್ ಎಲಿಮೆಂಟ್‌ನ ಜೊತೆ ಬ್ಯಾಂಡ್‌ನ ಕೆಳ ಅಂಚು, ನಡು, ಮೇಲಂಚು ಮೂರೂ ಕಡೆ ಹೋಲಿಸಿ, ಎಲ್ಲ ಸಂದುಗಳಿಗೂ. ಅತಿ ಕಿರಿದಾದ ಸಂದೇ ಅತಿ ಕೆಟ್ಟದ್ದು ಎಂಬುದು ನಡು ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ನಿಜ. ಅಂಚಿನಲ್ಲಿ ಪಕ್ಕದ ಸಂದು ಅದನ್ನು ಮೀರಿಸಬಹುದು.

ನಿರ್ವಾತದಲ್ಲಿ ನೂರಾರು ವಾಟ್‌ಗಳ ಪರೀಕ್ಷೆ ಕಾಲೇಜಿನಲ್ಲಿ ಆಗುವ ಮಾತಲ್ಲ. ಆದರೆ ಲ್ಯಾಬಿನಲ್ಲಿ ಫಿಲ್ಟರ್ ದಾಟಿದ, ಮರಳಿದ ತರಂಗಗಳನ್ನು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಇದ್ದರೆ ಮಿಲಿವಾಟ್‌ನಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಫಿಲ್ಟರ್ ಮಾಡಿಸಿ, ಗ್ರೂಪ್ ಡಿಲೇ ಅಳೆದು, ಸಿಮ್ಯುಲೇಷನ್‌ನ ಡಿಲೇ ರೇಖೆಯ ಮೇಲೆ ಇಟ್ಟು ನೋಡಿ. ಎರಡೂ ಅಂಚಿನವರೆಗೆ ಒಂದರ ಮೇಲೊಂದು ಕೂತರೆ ಒಳಗಿನ ಶಕ್ತಿಯ ಲೆಕ್ಕಕ್ಕೆ ಒಂದು ಗಟ್ಟಿ ಆಧಾರ ಸಿಕ್ಕಿತು. ಕೂರದಿದ್ದರೆ ಕ್ಯಾಲಿಪರ್ ತೆಗೆದುಕೊಂಡು ಮೊದಲು ಆ 1 ಮಿಲಿಮೀಟರ್ ಸಂದನ್ನು ಅಳೆಯಿರಿ.